ಸ್ಥಿರ ಗೇರಿನ ಬೈಸಿಕಲ್ಲಿನ ಜೋಡಣೆ



ಬೈಸಿಕಲ್ಲನ್ನು ಏರಿ ನಡೆಸಬಲ್ಲವರು ನಮ್ಮ ಪಟ್ಟಣಗಳಲ್ಲಿ ಮನೆಗೊಬ್ಬರಾದರೂ ಇದ್ದಾರು. ಆದರೆ ಅದರ ಚಕ್ರವೊಂದನ್ನು ಬಿಚ್ಚಿ ಪುನಃ ಸರಿಯಾಗಿ ಕೂರಿಸಬಲ್ಲವರು ಅವರಲ್ಲಿ ಎಷ್ಟು ಮಂದಿ? ಚೈನು ಕಳಚಿದರೆ ಅಂಗಡಿ, ಬ್ರೇಕು ಸಡಿಲವಾದರೆ ಅಂಗಡಿ, ಕಡ್ಡಿ ಮುರಿದರೆ ಅಂಗಡಿ. ಪ್ರತಿದಿನವೂ ನಮ್ಮ ಪ್ರಾಣವನ್ನೂ ಎದುರಿಗೆ ಬರುವವರ ಪ್ರಾಣವನ್ನೂ ಯಾವ ಯಂತ್ರಕ್ಕೆ ಒಪ್ಪಿಸಿ ಸಂಚರಿಸುವೆವೋ ಆ ಯಂತ್ರದ ಒಳಗುಟ್ಟು ನಮಗೆ ತಿಳಿಯದಿರುವುದು ವಿದ್ಯಾವಂತರಿಗೆ ಒಪ್ಪತಕ್ಕ ಸಂಗತಿಯಲ್ಲ. ಈ ಕೊರತೆಯನ್ನು ನೀಗಿಕೊಳ್ಳುವುದಕ್ಕೆ ಬಿಡಿಭಾಗಗಳನ್ನು ತಂದು ನಾವೇ ಒಂದು ಬೈಸಿಕಲ್ಲನ್ನು ಜೋಡಿಸುವುದು ಒಳ್ಳೆಯ ಪಾಠ. ಆ ಪಾಠಕ್ಕೆ ಅತ್ಯಂತ ಸರಳವಾದ ಯಂತ್ರವೆಂದರೆ ಸ್ಥಿರ ಗೇರಿನ ಬೈಸಿಕಲ್ಲು. ಈ ಹೊತ್ತು ಅದರ ಸ್ವರೂಪವನ್ನೂ, ಜೋಡಿಸುವ ಕ್ರಮವನ್ನೂ, ಅದರಲ್ಲಿ ಅಡಗಿರುವ ಅಪಾಯಗಳನ್ನೂ ಸಂಗ್ರಹವಾಗಿ ವಿಚಾರಮಾಡೋಣ.

ಸ್ಥಿರ ಗೇರು ಎಂದರೇನು? ಸಾಮಾನ್ಯವಾದ ಬೈಸಿಕಲ್ಲಿನಲ್ಲಿ ನಾವು ಕಾಲನ್ನು ನಿಲ್ಲಿಸಿದರೂ ಚಕ್ರವು ಉರುಳುತ್ತಲೇ ಇರುತ್ತದೆ. ಹಿಂದಿನ ಚಕ್ರದಲ್ಲಿರುವ ಫ್ರೀವೀಲು ಎಂಬ ಭಾಗವೇ ಇದಕ್ಕೆ ಕಾರಣ. ಟಿಕ್ಕು ಟಿಕ್ಕು ಎಂದು ನಾವು ಕೇಳುವ ಸದ್ದು ಅದರೊಳಗಿನ ಕೊಕ್ಕೆಗಳದು. ಈ ಫ್ರೀವೀಲನ್ನು ತೆಗೆದು, ಹಲ್ಲಿನ ಚಕ್ರವನ್ನು ಹಬ್ಬಿಗೆ ಬಿಗಿಯಾಗಿ ಕೂರಿಸಿದರೆ, ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತದೆ. ಪೆಡಲು ನಿಂತರೆ ಚಕ್ರವೂ ನಿಲ್ಲಬೇಕು. ಏರಿನಲ್ಲಿಯೂ ಇಳಿಜಾರಿನಲ್ಲಿಯೂ ತಿರುವಿನಲ್ಲಿಯೂ ಕಾಲಿಗೆ ವಿರಾಮವೆಂಬುದಿಲ್ಲ. ಇದೇ ಸ್ಥಿರ ಗೇರು.

ಇದೇನೂ ಹೊಸ ಬೆಡಗಲ್ಲ. ಬೈಸಿಕಲ್ಲಿನ ಮೂಲರೂಪವೇ ಇದು. ಮುಂದೆ ಆಳೆತ್ತರದ ಚಕ್ರವಿದ್ದ ಹಳೆಯ ಬೈಸಿಕಲ್ಲುಗಳಲ್ಲಿ ಪೆಡಲು ಆ ಚಕ್ರದ ಅಚ್ಚಿಗೇ ಸೇರಿರುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಹೊರತಂದ ರೋವರ್ ಎಂಬ ಬೈಸಿಕಲ್ಲು ಚೈನಿನ ಮೂಲಕ ಹಿಂದಿನ ಚಕ್ರವನ್ನು ನಡೆಸಿತು. ಇಂದಿನ ಬೈಸಿಕಲ್ಲುಗಳೆಲ್ಲವೂ ಅದರ ಸಂತತಿ. ಅದರಲ್ಲಿಯೂ ಫ್ರೀವೀಲು ಇರಲಿಲ್ಲ. ಫ್ರೀವೀಲು ಬಳಕೆಗೆ ಬಂದದ್ದು ಆ ಶತಮಾನದ ಕೊನೆಯಲ್ಲಿ. ಆಮೇಲೂ ಸ್ಥಿರ ಗೇರು ಪಂದ್ಯದ ಪಥಗಳಲ್ಲಿ ಉಳಿದುಕೊಂಡಿತು. ಜಪಾನಿನಲ್ಲಿ 1948ರಲ್ಲಿ ಕೊಕುರಾ ನಗರದಲ್ಲಿ ಆರಂಭವಾದ ಕೈರಿನ್ ಎಂಬ ಪಣದ ಪಂದ್ಯಗಳು ಇಂಥ ಬೈಸಿಕಲ್ಲಿನ ಮೇಲೆಯೇ ನಡೆಯುತ್ತವೆ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗೆಂದು ದೆಹಲಿಯಲ್ಲಿ ಕಟ್ಟಿದ ಒಳಾಂಗಣ ಪಥದಲ್ಲಿಯೂ ಓಡಿದ್ದು ಇವೇ. ವಿಜಯಪುರ, ಬಾಗಲಕೋಟೆಗಳ ಕಡೆಯ ನಮ್ಮ ಸೈಕಲ್ ಪಟುಗಳಿಗೆ ಇದರ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ.

ಇನ್ನು ಜೋಡಣೆಯ ವಿಷಯ. ಮೊದಲು ಬೇಕಾದದ್ದು ಫ್ರೇಮು. ಅದನ್ನು ಕೊಳ್ಳುವಾಗ ಬಣ್ಣವನ್ನು ನೋಡುವುದಕ್ಕೆ ಮುಂಚೆ ಹಿಂದಿನ ಅಚ್ಚು ಕೂರುವ ಸೀಳನ್ನು ನೋಡಬೇಕು. ಆ ಸೀಳು ನೆಲಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿಮಾಡಬಹುದು. ಸೀಳು ನೆಟ್ಟಗೆ ಮೇಲ್ಮುಖವಾಗಿದ್ದರೆ ಅದಕ್ಕೆ ಅವಕಾಶವಿಲ್ಲ. ಹಲವು ಗೇರಿನ ಬೈಸಿಕಲ್ಲುಗಳಲ್ಲಿ ಚೈನಿನ ಸಡಿಲನ್ನು ಸ್ಪ್ರಿಂಗಿನ ತೋಳೊಂದು ಹೀರಿಕೊಳ್ಳುತ್ತದೆ. ನಮ್ಮ ಯಂತ್ರದಲ್ಲಿ ಕಾಲಿನಿಂದ ತಡೆಯುವಾಗ ಚೈನಿನ ಕೆಳಗಿನ ಭಾಗವೇ ಸೆಳೆತಕ್ಕೆ ಸಿಕ್ಕುವುದರಿಂದ ಅಂಥ ತೋಳು ಮುರಿದು ಹೋಗುವುದು ನಿಶ್ಚಯ. ನಮ್ಮ ದೇಶದ ಹಳೆಯ ಕರಿಯ ಬೈಸಿಕಲ್ಲುಗಳ ಫ್ರೇಮಿನಲ್ಲಿ ಈ ಸೀಳು ತಕ್ಕ ರೀತಿಯಲ್ಲಿಯೇ ಇರುತ್ತದೆ. ಎರಡನೆಯ ಪರೀಕ್ಷೆ ಅಗಲದ್ದು. ಪಥದ ಹಿಂಚಕ್ರದ ಹಬ್ಬು 120 ಮಿಲಿಮೀಟರ್ ಅಗಲವಿರುವುದು ವಾಡಿಕೆ. ಉಕ್ಕಿನ ಫ್ರೇಮು ಕೆಲವು ಮಿಲಿಮೀಟರ್ ಹೆಚ್ಚುಕಡಮೆಯಿದ್ದರೆ ಬಲ್ಲವರ ಕೈಯಲ್ಲಿ ಬಗ್ಗಿಸಿ ಸರಿಮಾಡಿಸಬಹುದು. ಅಲ್ಯೂಮಿನಿಯಮ್ಮನ್ನಾಗಲಿ ಕಾರ್ಬನ್ನನ್ನಾಗಲಿ ಹಾಗೆ ಬಗ್ಗಿಸಕೂಡದು.

ಎರಡನೆಯದು ಹಬ್ಬು. ಈ ಯಂತ್ರದ ಮರ್ಮವೆಲ್ಲ ಇಲ್ಲಿದೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಸ್ಥಿರ ಗೇರಿನ ಹಬ್ಬಿನಲ್ಲಿ ತಿರುಪುಗಳು ಎರಡು. ಒಳಗಿನ ದೊಡ್ಡದು ಬಲತಿರುಪು. ಹಲ್ಲಿನ ಚಕ್ರವನ್ನು ಕೂರಿಸುವುದು ಅದರ ಮೇಲೆ. ಹೊರಗಿನ ಚಿಕ್ಕದು ಎಡತಿರುಪು. ಲಾಕ್ ರಿಂಗ್ ಎಂಬ ಬಳೆಯನ್ನು ಅದರ ಮೇಲೆ ಬಿಗಿಯಬೇಕು. ಮುಂದಕ್ಕೆ ತುಳಿದಷ್ಟೂ ಹಲ್ಲಿನ ಚಕ್ರವು ಬಿಗಿಯಾಗುತ್ತದೆ. ವೇಗವನ್ನು ತಗ್ಗಿಸಲು ಕಾಲನ್ನು ಹಿಂದಕ್ಕೆ ಒತ್ತಿದಾಗಲಾದರೋ ಅದು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆದರೆ ಅದು ಬಿಚ್ಚುವ ದಿಕ್ಕಿನಲ್ಲಿ ತಿರುಗಿದರೆ ಜೊತೆಯ ಬಳೆಯನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಬಳೆಯದು ಎಡತಿರುಪಾದುದರಿಂದ ಅದು ಆ ದಿಕ್ಕಿನಲ್ಲಿ ಬಿಗಿಯಾಗುತ್ತದೆ. ಹೀಗೆ ಒಂದರ ಬಿಡುಗಡೆಗೆ ಇನ್ನೊಂದು ಅಡ್ಡವಾಗಿ, ಎರಡೂ ಅಲುಗದೆ ನಿಲ್ಲುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಸಾಮಾನ್ಯವಾದ ಫ್ರೀವೀಲು ಹಬ್ಬಿನ ತಿರುಪು ಅಳತೆಯಲ್ಲಿ ಇದಕ್ಕೆ ಹೊಂದುವುದರಿಂದ, ಹಲ್ಲಿನ ಚಕ್ರವನ್ನು ಅದರ ಮೇಲೆಯೇ ತಿರುಪಿ, ಬಳೆಯಿಲ್ಲದೆ ಕೆಲಸ ಸಾಗಿಸುವವರು ಉಂಟು. ಅಂಟು ಹಾಕಿದ್ದೇವೆ, ಬೆಸೆದಿದ್ದೇವೆ ಎಂದು ಅವರು ಹೇಳುವುದೂ ಉಂಟು. ಆ ಹಬ್ಬಿಗೆ ಎಡತಿರುಪಿಲ್ಲ, ಬಳೆಗೆ ನೆಲೆಯಿಲ್ಲ. ಯಾವ ಇಳಿಜಾರಿನಲ್ಲಿ ತಡೆಯು ಅತ್ಯಂತ ಅಗತ್ಯವೋ ಅಲ್ಲಿಯೇ ಅದು ಕೈಕೊಡುತ್ತದೆ. ಉಳಿದ ಎಲ್ಲ ಭಾಗಗಳಲ್ಲಿಯೂ ಮಿತವ್ಯಯವನ್ನು ಸಾಧಿಸಬಹುದು. ಹಬ್ಬಿನಲ್ಲಿ ಮಾತ್ರ ಕೂಡದು.

ಮೂರನೆಯದು ಚಕ್ರವನ್ನು ಕಟ್ಟುವುದು. ಹಲವು ಗೇರಿನ ಹಿಂಚಕ್ರದಲ್ಲಿ ಬಲಗಡೆಯ ಕಡ್ಡಿಗಳು ಹೆಚ್ಚು ಬಿಗಿಯಾಗಿಯೂ ಎಡಗಡೆಯವು ಸಡಿಲವಾಗಿಯೂ ಇರಬೇಕಾಗುತ್ತದೆ. ನಮ್ಮ ಹಬ್ಬಿನಲ್ಲಿ ಎರಡು ಅಂಚುಗಳೂ ನಡುವಿನಿಂದ ಸಮದೂರದಲ್ಲಿರುವುದರಿಂದ ಎರಡು ಕಡೆಯ ಬಿಗಿಯೂ ಒಂದೇ, ಚಕ್ರವೂ ಬಲವಾದದ್ದು. 36 ಕಡ್ಡಿಗಳನ್ನು ಹಾಕಿ, ಪ್ರತಿಯೊಂದೂ ಇತರ ಮೂರನ್ನು ಹಾದು ಹೋಗುವಂತೆ ನೇಯುವುದು ವಾಡಿಕೆ. ಎಲ್ಲ ಕಡ್ಡಿಗಳನ್ನೂ ಸೇರಿಸಿದ ಮೇಲೆ ಒಂದೊಂದಕ್ಕೂ ಕಾಲು ಸುತ್ತಿನಂತೆ ಸಮವಾಗಿ ಬಿಗಿಕೊಡುತ್ತ ಬರಬೇಕು; ಅವಸರ ಸಲ್ಲದು. ಕಡ್ಡಿಯನ್ನು ಬೆರಳಿನಿಂದ ಮೀಟಿ ಕೇಳಿದರೆ ತಂಬೂರಿಯ ತಂತಿಯಂತೆ ಸ್ವರ ಹೊರಡುತ್ತದೆ. ಸುತ್ತಲೂ ಸ್ವರ ಸಮವಾಗಿದ್ದರೆ ಬಿಗಿಯೂ ಸಮವಾಗಿದೆ ಎಂದು ತಿಳಿಯಬಹುದು. ಆಮೇಲೆ ರಿಮ್ಮಿನ ಬೆಂಡು ತೆಗೆಯುವ ಕೆಲಸ. ಇದನ್ನು ಮೊದಲ ಸಲ ಅನುಭವಸ್ಥನಾದ ಸೈಕಲ್ ಅಂಗಡಿಯವನ ಪಕ್ಕದಲ್ಲಿ ಕುಳಿತು ಕಲಿಯುವುದು ಲೇಸು. ಪುಸ್ತಕ ಕಲಿಸದಿರುವುದನ್ನು ಆತನ ಬೆರಳು ಕಲಿಸುತ್ತದೆ.

ಇನ್ನು ಹಲ್ಲುಗಳ ಲೆಕ್ಕ. ಗೇರನ್ನು ಅಂಗುಲದಲ್ಲಿ ಹೇಳುವ ಇಂಗ್ಲಿಷ್ ಪದ್ಧತಿಯು ಆ ಹಳೆಯ ಎತ್ತರದ ಬೈಸಿಕಲ್ಲಿನಿಂದ ಬಂದದ್ದು: ನಮ್ಮ ಒಂದು ತುಳಿತವು ಎಷ್ಟು ದೊಡ್ಡ ಚಕ್ರದ ಒಂದು ಸುತ್ತಿಗೆ ಸಮ ಎಂಬುದೇ ಅದರ ಅರ್ಥ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಚಕ್ರದ ವ್ಯಾಸದಿಂದ ಗುಣಿಸಬೇಕು. ಚಕ್ರ 27 ಅಂಗುಲ, ಮುಂದೆ 44 ಹಲ್ಲು, ಹಿಂದೆ 17 ಹಲ್ಲು ಎಂದಿಟ್ಟುಕೊಂಡರೆ ಗೇರು ಸುಮಾರು 70 ಅಂಗುಲ. ಆಗ ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ಲು ಸುಮಾರು ಐದೂವರೆ ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರ್. 90 ಸುತ್ತಿಗೆ 30. 120 ಸುತ್ತಿಗೆ 40. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಬೈಸಿಕಲ್ಲು ಗಂಟೆಗೆ 40 ಕಿಲೋಮೀಟರ್ ಓಡಿದರೆ ನಮ್ಮ ಕಾಲುಗಳು ನಿಮಿಷಕ್ಕೆ 120 ಸಲ ಸುತ್ತಲೇಬೇಕು. ಬೇಡವೆಂದರೂ ಪೆಡಲು ಬಿಡದು. ಆದಕಾರಣ ಪಂದ್ಯದವರ 48ಕ್ಕೆ 16ರ ಭಾರವಾದ ಗೇರನ್ನು ಕಂಡು ಹೊಸಬರು ಮರುಳಾಗಬಾರದು. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. 48ನ್ನು 16ರಿಂದ ಭಾಗಿಸಿದರೆ ಶೇಷವಿಲ್ಲದೆ 3 ಬರುವುದರಿಂದ, ಒಂದೇ ಕಾಲನ್ನು ಮುಂದಿಟ್ಟು ಚಕ್ರವನ್ನು ತಡೆದಾಗಲೆಲ್ಲ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜಿ ಬೇಗ ಸವೆಯುತ್ತದೆ. 44ಕ್ಕೂ 17ಕ್ಕೂ ಸಾಮಾನ್ಯ ಭಾಜಕವಿಲ್ಲ. ಆಗ ಸವೆತವು 17 ಜಾಗಗಳಿಗೆ ಹಂಚಿಹೋಗುತ್ತದೆ. ಶಾಲೆಯಲ್ಲಿ ಕಲಿತ ಗಣಿತ ಹೀಗೆ ಟೈರಿನ ಖರ್ಚನ್ನು ಉಳಿಸುವುದುಂಟು!

ಪೆಡಲಿನ ಅಚ್ಚನ್ನು ಫ್ರೇಮಿನ ಕೆಳಗಿನ ಕೊಳವೆಯಲ್ಲಿ ಕೂರಿಸುವಾಗ ನೆನಪಿಡತಕ್ಕದ್ದು: ಇಂಗ್ಲಿಷ್ ಅಳತೆಯ ಫ್ರೇಮಿನಲ್ಲಿ ಬಲಗಡೆಯ ಬಟ್ಟಲು ಎಡತಿರುಪಿನದು. ತಿಳಿಯದೆ ಬಲವಂತ ಮಾಡಿದರೆ ಫ್ರೇಮೇ ಕೆಡುತ್ತದೆ. ಕ್ರ್ಯಾಂಕು 165 ಮಿಲಿಮೀಟರಿನಂತೆ ಗಿಡ್ಡವಾಗಿದ್ದರೆ ಒಳ್ಳೆಯದು. ತಿರುವಿನಲ್ಲಿ ಒಳಗಡೆಯ ಪೆಡಲನ್ನು ಮೇಲಕ್ಕೆತ್ತಿ ನಿಲ್ಲಿಸಲಾಗದುದರಿಂದ, ಉದ್ದವಾದ ಕ್ರ್ಯಾಂಕಿನ ಪೆಡಲು ನೆಲಕ್ಕೆ ತಗುಲಿ ಸವಾರನನ್ನು ಕೆಡವೀತು. ವೇಗದಲ್ಲಿ ಪೆಡಲು ಪಾದವನ್ನು ತಪ್ಪಿಸಿಕೊಂಡು ಹೋಗದಂತೆ ಪಟ್ಟಿಯಿಂದ ಕಟ್ಟಿಕೊಳ್ಳುವುದು ಅವಶ್ಯ.

ಚೈನು ಓಡುವ ಎರಡು ಹಲ್ಲಿನ ಚಕ್ರಗಳೂ ಒಂದೇ ನೇರದಲ್ಲಿರಬೇಕು. ಉದ್ದನೆಯ ಪಟ್ಟಿಯೊಂದನ್ನು ಹಿಡಿದು ನೋಡಿದರೆ ಓರೆಯಿದ್ದರೆ ತಿಳಿಯುತ್ತದೆ. ಚೈನಿನ ಕೆಳಭಾಗದ ನಡುವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಅರ್ಧ ಅಂಗುಲದಷ್ಟು ಆಡಬೇಕು. ತೀರ ಬಿಗಿಯಾದರೆ ಗುಂಡುಗಳು ಸವೆಯುತ್ತವೆ, ಸಡಿಲವಾದರೆ ಓಟದಲ್ಲಿ ಚೈನು ಹಾರಿ ಹಿಂಚಕ್ರಕ್ಕೆ ಸಿಕ್ಕಿ ಬೈಸಿಕಲ್ಲು ಥಟ್ಟನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಚೈನನ್ನು ಒರಸುವಾಗಲಂತೂ ಚಕ್ರವು ಪೂರ್ಣವಾಗಿ ನಿಂತಿರಬೇಕು. ತಿರುಗುವ ಚೈನಿಗೂ ಹಲ್ಲಿಗೂ ನಡುವೆ ಬೆರಳು ಸಿಕ್ಕಿದರೆ ಈ ಯಂತ್ರವು ತಾನಾಗಿ ನಿಲ್ಲದು, ಬೆರಳನ್ನು ಕಳೆದುಕೊಂಡವರಿದ್ದಾರೆ.

ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬಂದೆವು. ಕಾಲಿನಿಂದಲೇ ತಡೆಯಬಹುದಾದ ಮೇಲೆ ಬ್ರೇಕು ಏತಕ್ಕೆ ಎಂದು ಕೇಳುವ ತರುಣರು ಇದ್ದಾರೆ. ಬ್ರೇಕಿಲ್ಲದ ಬೈಸಿಕಲ್ಲು ನೋಡುವುದಕ್ಕೆ ಅಂದವೆಂಬುದು ಅವರ ವಾದ. ಪಥದ ಪಂದ್ಯದಲ್ಲಿ ಬ್ರೇಕಿಲ್ಲದಿರುವುದಕ್ಕೆ ಕಾರಣವುಂಟು: ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಯಾರಿಗೂ ಥಟ್ಟನೆ ನಿಲ್ಲುವ ಶಕ್ತಿಯಿಲ್ಲದಿರುವುದೇ ಎಲ್ಲರಿಗೂ ಕ್ಷೇಮ. ಬೀದಿಯಾದರೋ ಪಥವಲ್ಲ. ಅಲ್ಲಿ ಮಗುವೊಂದು ಚೆಂಡಿನ ಹಿಂದೆ ಓಡಿಬರುತ್ತದೆ. ಹಸುವೊಂದು ಅಡ್ಡ ನಿಲ್ಲುತ್ತದೆ. ವೇಗವನ್ನು ತಡೆದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದು, ಹಿಂದಿನ ಚಕ್ರಕ್ಕೆ ನೆಲದ ಹಿಡಿತ ತಗ್ಗುತ್ತದೆ. ಕಾಲಿನ ಬಲವು ಎಷ್ಟೇ ಇರಲಿ, ಅದು ಕೆಲಸಮಾಡುವುದು ಹಿಡಿತವಿಲ್ಲದ ಆ ಹಿಂಚಕ್ರದ ಮೇಲೆ ಮಾತ್ರ. ಇದು ಸಾಮರ್ಥ್ಯದ ಪ್ರಶ್ನೆಯಲ್ಲ, ಭೌತಶಾಸ್ತ್ರದ ನಿಯಮ. ಬ್ರಿಟನ್ನಿನ 1983ರ ನಿಯಮಗಳು ಸ್ಥಿರ ಗೇರಿನ ಬೈಸಿಕಲ್ಲಿಗೂ ಮುಂದಿನ ಚಕ್ರಕ್ಕೆ ಬ್ರೇಕು ಇರತಕ್ಕದ್ದೆಂದು ವಿಧಿಸಿರುವುದು ಈ ಕಾರಣದಿಂದಲೇ. 2016ರಲ್ಲಿ ಲಂಡನ್ ನಗರದ ಬೀದಿಯೊಂದರಲ್ಲಿ ಮುಂದಿನ ಬ್ರೇಕಿಲ್ಲದ ಇಂಥ ಬೈಸಿಕಲ್ಲು ತಗುಲಿ, ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಗಾಯಗೊಂಡು ತೀರಿಕೊಂಡರು. ಅವರಿಗೆ ಇಬ್ಬರು ಮಕ್ಕಳು. ಮರುವರ್ಷ ನ್ಯಾಯಾಲಯವು ಆ ಯುವಕನಿಗೆ 1861ರ ಹಳೆಯ ಕಾನೂನೊಂದರ ಮೇರೆಗೆ 18 ತಿಂಗಳ ಶಿಕ್ಷೆಯನ್ನು ವಿಧಿಸಿತು. ಒಂದು ಬ್ರೇಕಿನ ಬೆಲೆ ಎಷ್ಟು, ಎರಡು ಮನೆಗಳು ತೆತ್ತ ಬೆಲೆ ಎಷ್ಟು ಎಂಬುದನ್ನು ಶ್ರೋತೃಗಳೇ ತೂಗಿ ನೋಡಲಿ. ಬ್ರೇಕಿಲ್ಲದೆ ಬೀದಿಗೆ ಇಳಿಯುವವನು ತನ್ನ ಸ್ವಾತಂತ್ರ್ಯಕ್ಕೆ ಅನ್ಯರ ಪ್ರಾಣವನ್ನು ಒತ್ತೆಯಿಡುತ್ತಾನೆ. ಹಾಗೆ ಮಾಡುವ ಅಧಿಕಾರ ಯಾರಿಗೂ ಇಲ್ಲವೆಂದು ನಾವು ತಿಳಿಯುತ್ತೇವೆ.

ಜೋಡಣೆ ಮುಗಿದ ಮೇಲೆ ಮೊದಲ ಸವಾರಿಯನ್ನು ಜನಸಂಚಾರವಿಲ್ಲದ ಬಯಲಿನಲ್ಲಿ ಮಾಡತಕ್ಕದ್ದು. ಅಭ್ಯಾಸಬಲದಿಂದ ಕಾಲನ್ನು ನಿಲ್ಲಿಸಲು ಹೋದರೆ ಪೆಡಲು ನಮ್ಮನ್ನು ಎತ್ತಿ ಎಚ್ಚರಿಸುತ್ತದೆ. ಒಂದು ಏರನ್ನು ಬಲವಾಗಿ ತುಳಿದು ಹತ್ತಿದರೆ ಹಲ್ಲಿನ ಚಕ್ರವು ತನ್ನ ನೆಲೆಯಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಆಗ ಇಳಿದು ಬಳೆಯನ್ನು ಮತ್ತೊಮ್ಮೆ ಬಿಗಿಯಬೇಕು. ಅಚ್ಚಿನ ನಟ್ಟುಗಳನ್ನೂ ಕಡ್ಡಿಗಳನ್ನೂ ಪುನಃ ಪರೀಕ್ಷಿಸಬೇಕು. ಮೊಣಕಾಲಿನ ನೋವುಳ್ಳವರಿಗೆ ಈ ಬೈಸಿಕಲ್ಲು ಹಿತವಲ್ಲ. ಒಂದು ಕಡೆ ಸ್ಥಿರ ಗೇರಿಗೂ ಇನ್ನೊಂದು ಕಡೆ ಫ್ರೀವೀಲಿಗೂ ಎಡೆಯಿರುವ ಹಬ್ಬುಗಳು ದೊರೆಯುತ್ತವೆ. ಚಕ್ರವನ್ನು ತಿರುಗಿಸಿ ಹಾಕಿದರೆ ಬೇಕಾದ ಕಡೆ ಕೆಲಸಕ್ಕೆ ಬರುತ್ತದೆ. ಫ್ರೀವೀಲಿನ ಕಡೆ ಹಾಕಿದಾಗ ಕಾಲಿನ ತಡೆ ಇರದುದರಿಂದ ಹಿಂದಿನ ಚಕ್ರಕ್ಕೂ ಬ್ರೇಕು ಬೇಕು. ಸಂಸಾರಸ್ಥರಾದ ಪಟ್ಟಣಿಗರಿಗೆ ಇದೇ ಯೋಗ್ಯವಾದ ಏರ್ಪಾಡೆಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಶ್ರಮದಿಂದ ದೊರೆಯುವುದೇನು? ಹಣದ ಉಳಿತಾಯವೆಂದು ನಾವು ಹೇಳಲಾರೆವು. ಸಿದ್ಧವಾದ ಬೈಸಿಕಲ್ಲು ಅನೇಕ ವೇಳೆ ಇದಕ್ಕಿಂತ ಅಗ್ಗವಾಗಿಯೇ ಸಿಕ್ಕೀತು. ದೊರೆಯುವುದು ತಿಳಿವಳಿಕೆ. ಯಾವ ಸದ್ದು ಯಾವ ಭಾಗದ್ದು, ಯಾವ ಸಡಿಲು ಯಾವ ಅಪಾಯದ ಮುನ್ಸೂಚನೆ ಎಂಬುದು ತನ್ನ ಕೈಯಿಂದ ಜೋಡಿಸಿದವನಿಗೆ ತಿಳಿದಿರುತ್ತದೆ. ಅಂಗಡಿಗೆ ಹೋಗಬೇಕಾಗಿ ಬಂದಾಗಲೂ ಅವನು ಅಲ್ಲಿಯ ಕೆಲಸಗಾರನ ಕೌಶಲವನ್ನು ಗುರುತಿಸಿ ಗೌರವಿಸಬಲ್ಲನು. ನಮ್ಮ ಶಿಕ್ಷಣವು ಕೈಯನ್ನೂ ಬುದ್ಧಿಯನ್ನೂ ಬೇರೆಬೇರೆಯಾಗಿ ಇರಿಸಿರುವ ಈ ಕಾಲದಲ್ಲಿ ಅವೆರಡನ್ನೂ ಒಂದೆಡೆ ಸೇರಿಸುವ ಕೆಲಸ ಮನೆಯ ಜಗಲಿಯ ಮೇಲೆಯೇ ಆಗಬಹುದಾದರೆ ಅದು ಸಣ್ಣ ಲಾಭವಲ್ಲ. ಬರುವ ರಜಾದಿನಗಳಲ್ಲಿ, ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಫ್ರೇಮೊಂದನ್ನು ಹೊರಗೆ ತೆಗೆದು, ಅದರ ಹಿಂದಿನ ಸೀಳು ಯಾವ ಬಗೆಯದೆಂದು ಒಮ್ಮೆ ನೋಡಿರೆಂದು ಬಿನ್ನವಿಸಿ ವಿರಮಿಸುತ್ತೇವೆ.