ಒಂದು ದಿನ ಬಾಳುವ ಪದ



ಇಂದು ಒಂದು ಅಪರೂಪದ ಇಂಗ್ಲಿಷ್ ಪದವನ್ನು ಪರಿಚಯ ಮಾಡಿಕೊಳ್ಳೋಣ. ಆ ಪದ 'ಎಫೆಮೆರಾ'. ಪಠ್ಯಪುಸ್ತಕದಲ್ಲಿ ನೀವು ಇದನ್ನು ಕಂಡಿರಲಾರಿರಿ. ಆದರೆ ಅದು ಸೂಚಿಸುವ ವಸ್ತು ಈಗಲೇ ನಿಮ್ಮ ಜೇಬಿನಲ್ಲಿರಬಹುದು.

ಪದದ ಮೂಲ ಗ್ರೀಕ್. 'ಎಪಿ' ಎಂದರೆ ಮೇಲೆ. 'ಹೆಮೆರಾ' ಎಂದರೆ ದಿನ. ಎರಡೂ ಕೂಡಿ, ಒಂದು ದಿನದ ಮಟ್ಟಿಗೆ ಇರುವಂಥದು ಎಂಬ ಅರ್ಥ ಬಂದಿತು. ಹಿಂದಿನ ಯುರೋಪಿನ ವೈದ್ಯರು ಒಂದೇ ದಿನದಲ್ಲಿ ಇಳಿಯುವ ಜ್ವರವನ್ನು ಈ ಹೆಸರಿನಿಂದ ಕರೆಯುತ್ತಿದ್ದರು. ಗ್ರಹಗಳ ದಿನದಿನದ ಸ್ಥಾನವನ್ನು ತಿಳಿಸುವ ಪಟ್ಟಿಗೆ 'ಎಫೆಮೆರಿಸ್' ಎನ್ನುತ್ತಾರೆ. ನಮ್ಮ ಪಂಚಾಂಗಕ್ಕೆ ಅದು ಹತ್ತಿರದ ನೆಂಟ.

ನದಿಯ ಬಳಿ ಹುಟ್ಟಿ, ಸೂರ್ಯ ಮುಳುಗುವಾಗ ಸಾಯುವ ರೆಕ್ಕೆಯ ಹುಳುವೊಂದನ್ನು ಅರಿಸ್ಟಾಟಲ್ ಇದೇ ಪದದಿಂದ ವರ್ಣಿಸಿದ್ದಾನೆ. ಇಂದು 'ಮೇಫ್ಲೈ' ಎನ್ನುವ ಹುಳುಗಳ ಗಣಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು 'ಎಫೆಮೆರಾಪ್ಟೆರಾ'. ರೆಕ್ಕೆ ಬಂದ ಮೇಲೆ ಈ ಹುಳು ಆಹಾರವನ್ನೇ ತಿನ್ನುವುದಿಲ್ಲ. ಅನೇಕ ಜಾತಿಗಳು ಕೆಲವು ಗಂಟೆ ಅಥವಾ ಒಂದೆರಡು ದಿನ ಮಾತ್ರ ಬದುಕುತ್ತವೆ. ಆದರೆ ಅದಕ್ಕೆ ಮೊದಲು ಮರಿಯಾಗಿ ನೀರಿನಲ್ಲಿ ಹಲವು ತಿಂಗಳು ಕಳೆದಿರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಅದರ ಕೊನೆಯ ಅಧ್ಯಾಯ ಮಾತ್ರ.

ಹುಳುವಿನ ಹೆಸರು ಕಾಗದಕ್ಕೆ ಅಂಟಿದ್ದು ಹೇಗೆ? 1751ರಲ್ಲಿ ನಿಘಂಟುಕಾರ ಸ್ಯಾಮ್ಯುಯಲ್ ಜಾನ್ಸನ್, ದಿನದಿನದ ಪತ್ರಿಕಾ ಬರಹಗಳನ್ನು ಕುರಿತು ಈ ಪದವನ್ನು ಬಳಸಿದ. ಮುಂದೆ ಟಿಕೆಟು, ಕರಪತ್ರ, ಲೇಬಲ್ಲು, ಆಹ್ವಾನಪತ್ರಿಕೆ ಎಲ್ಲಕ್ಕೂ ಇದೇ ಹೆಸರು ನಿಂತಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಕನಾಗಿದ್ದ ಜಾನ್ ಜಾನ್ಸನ್ ಇಂಥ ಕಾಗದಗಳನ್ನೇ ಅಕ್ಕರೆಯಿಂದ ಕೂಡಿಟ್ಟ. ಆ ಸಂಗ್ರಹ 1968ರಲ್ಲಿ ಅಲ್ಲಿನ ಬೋಡ್ಲಿಯನ್ ಗ್ರಂಥಾಲಯಕ್ಕೆ ಸೇರಿತು. 1975ರಲ್ಲಿ ಲಂಡನ್ನಿನಲ್ಲಿ ಎಫೆಮೆರಾ ಸೊಸೈಟಿಯೂ ಹುಟ್ಟಿತು.

ಕಸಕ್ಕೆ ಇಷ್ಟು ಮರ್ಯಾದೆಯೇ ಎಂದು ನೀವು ಕೇಳಬಹುದು. ಯೋಚಿಸಿ. ರಾಜರ ಆಳ್ವಿಕೆಯನ್ನು ಶಾಸನ ಹೇಳುತ್ತದೆ. ಆದರೆ ಜನ ಏನು ಕೊಂಡರು, ಎಷ್ಟು ಕೊಟ್ಟರು, ಯಾವ ನಾಟಕಕ್ಕೆ ಹೋದರು ಎಂಬುದನ್ನು ಹರಿದ ಟಿಕೆಟೂ ಹಳೆಯ ರಸೀದಿಯೂ ಹೇಳುತ್ತವೆ. ಉಳಿಸಬೇಕೆಂದು ಯಾರೂ ಬರೆಯದ ಕಾರಣ ಅವುಗಳಲ್ಲಿ ಸೋಗು ಕಡಿಮೆ.

ಇಂದು ಎಷ್ಟೋ ಟಿಕೆಟುಗಳು ಮೊಬೈಲಿನ ಪರದೆಯಲ್ಲೇ ಬಂದು ಅಲ್ಲೇ ಅಳಿಸಿಹೋಗುತ್ತವೆ. ಅಂಗಡಿಯ ಯಂತ್ರ ಕೊಡುವ ರಸೀದಿಯ ಅಕ್ಷರಗಳೂ ಬೇಗ ಮಾಸುತ್ತವೆ. ಆದ್ದರಿಂದ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಲಗ್ನಪತ್ರಿಕೆಯೋ ಬಸ್ ಟಿಕೆಟೋ ಸಿಕ್ಕರೆ ಎಸೆಯಬೇಡಿ. ಅದು ಯಾರದು, ಯಾವಾಗಿನದು ಎಂದು ಕೇಳಿ ಬರೆದಿಡಿ. ಒಂದು ದಿನಕ್ಕೆಂದು ಹುಟ್ಟಿದ ಕಾಗದ ನೂರು ವರ್ಷ ಮಾತಾಡಬಲ್ಲದು. ಆ ಅವಕಾಶ ನಿಮ್ಮ ಕೈಯಲ್ಲಿದೆ.