ಊರು ನಮ್ಮದು, ಮಕ್ಕಳಿಗೆ ಹೊಸದು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವರ್ಷವೂ ನಮ್ಮ ಕೆಲವು ಮಕ್ಕಳು ಕಾಲೇಜು ಓದಿಗೆಂದು ಕರ್ನಾಟಕಕ್ಕೆ ಹೊರಟಿದ್ದಾರೆ. ಅವರನ್ನೂ ಅವರ ತಂದೆತಾಯಂದಿರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತು.

ಕರ್ನಾಟಕದ ಕಾಲೇಜಿಗೂ ನೈರೋಬಿಗೂ ಇರುವ ನಂಟು ಹಳೆಯದು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಡಾ. ಎಸ್. ರಾಧಾಕೃಷ್ಣನ್ ಅವರೇ ಭಾರತದ ಉಪರಾಷ್ಟ್ರಪತಿಗಳಾಗಿ 1956ರಲ್ಲಿ ಇಲ್ಲಿಗೆ ಬಂದು ಗಾಂಧಿ ಸ್ಮಾರಕ ಅಕಾಡೆಮಿಯನ್ನು ಉದ್ಘಾಟಿಸಿದರು. ಆ ಅಕಾಡೆಮಿ ಕೂಡಿಕೊಂಡ ಕಾಲೇಜೇ ಬೆಳೆದು 1970ರಲ್ಲಿ ನೈರೋಬಿ ವಿಶ್ವವಿದ್ಯಾಲಯವಾಯಿತು. ನಂಟು ಹಳೆಯದಾದರೂ ಹೋಗುವ ಮಗುವಿಗೆ ಎಲ್ಲವೂ ಹೊಸದು. ಇದು ನಮಗೆ ತಡವಾಗಿ ತಿಳಿಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳನ್ನು ಕರಾವಳಿಯ ಒಂದು ಕಾಲೇಜಿಗೆ ಸೇರಿಸಿದೆವು. "ನೀನೇನು ಪರದೇಶಕ್ಕೆ ಹೋಗುತ್ತಿಲ್ಲ ಮಗಳೇ, ನಮ್ಮೂರಿಗೇ ಹೋಗುತ್ತಿದ್ದೀಯ" ಎಂದು ಧೈರ್ಯ ಹೇಳಿ ಕಳಿಸಿದೆವು. ನಾವು ಮಾಡಿದ ತಪ್ಪು ಅದೇ. ಊರು ನಮ್ಮದು, ಅವಳ ಊರು ನೈರೋಬಿ.

ಕನ್ನಡ ಮಾತನಾಡುತ್ತಿದ್ದಳು, ಆದರೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಂಗಡಿಗೆ 'ದುಕಾ', ಪಾತ್ರೆಗೆ 'ಸುಫುರಿಯಾ' ಎನ್ನುತ್ತೇವಲ್ಲ, ಅದೂ ಕನ್ನಡವೆಂದೇ ತಿಳಿದಿದ್ದಳು. ಹಾಸ್ಟೆಲಿನಲ್ಲಿ ನಗೆಪಾಟಲಾಯಿತು. 'ಆಫ್ರಿಕಾ' ಎಂಬ ಅಡ್ಡಹೆಸರು ಬಿತ್ತು. ಇಲ್ಲಿಯ ಜುಲೈ ಚಳಿ ನೆನೆದು ನಾವು ತುಂಬಿ ಕಳಿಸಿದ ಸ್ವೆಟರುಗಳಿಗೆ ಅಲ್ಲಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಭಾನುವಾರ ಫೋನಿನಲ್ಲಿ ಮಾತ್ರ "ಎಲ್ಲ ಚೆನ್ನಾಗಿದೆ ಅಮ್ಮ" ಎನ್ನುತ್ತಿದ್ದಳು. ದಸರಾ ರಜೆಗೆ ದೊಡ್ಡಮ್ಮನ ಮನೆಗೆ ಹೋದವಳು ಕಾಲೇಜಿಗೆ ಹಿಂತಿರುಗುವುದಿಲ್ಲವೆಂದು ಕೂತಾಗಲೇ ನಮ್ಮ ಕಣ್ಣು ತೆರೆದದ್ದು.

ದೊಡ್ಡಮ್ಮ ಗದರಲಿಲ್ಲ. ಒಂದು ವಾರ ಉಣ್ಣಿಸಿ, ತಾವೇ ಜೊತೆಗೆ ಹೋಗಿ ಬಿಟ್ಟುಬಂದರು. ಆಮೇಲೆ ಅವಳ ಕೈ ಹಿಡಿದವಳು ಕಿಸುಮುವಿನಿಂದ ಅಲ್ಲಿಗೆ ಓದಲು ಬಂದಿದ್ದ ಹುಡುಗಿ. ನಮ್ಮ ಮಗಳ ಬಾಯಲ್ಲಿ ಸ್ವಾಹಿಲಿ ಕೇಳಿ ಓಡಿಬಂದು ಮಾತನಾಡಿಸಿದಳಂತೆ. ಆ ಹುಡುಗಿಗೆ ಅಲ್ಲಿ ದೊಡ್ಡಮ್ಮನೂ ಇರಲಿಲ್ಲ; ಬೀದಿಯ ಜನರ ನೋಟವನ್ನು ಅವಳು ಇನ್ನೂ ಹೆಚ್ಚು ಸಹಿಸಬೇಕಿತ್ತು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಅಆಇಈ ಕಲಿತರು. ಇಷ್ಟು ವರ್ಷ ಈ ನಾಡಿನಲ್ಲಿದ್ದೂ ನಾವು ಎಷ್ಟು ಜನ ಕೀನ್ಯದ ಮಕ್ಕಳನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದ್ದೇವೆ? ಅಂದು ನಮಗೆ ನಾಚಿಕೆಯಾಯಿತು.

ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳಿಗೆ ಕನ್ನಡ ಓದಲು, ಬರೆಯಲು ಕಲಿಸಿ ಕಳಿಸಿ. ಸಂಘವೂ ಇದಕ್ಕೆ ವಾರಕ್ಕೊಂದು ಗಂಟೆ ಕೊಡಲಿ. ರ್‍ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ನಿಯಮ ಮಾಡಿದೆ. 2016ರ ತಿದ್ದುಪಡಿಯಂತೆ ಬಣ್ಣ, ದೇಶ, ಭಾಷೆಯ ಕಾರಣಕ್ಕೆ ಹಿಂಸಿಸುವುದೂ ರ್‍ಯಾಗಿಂಗೇ. ಇದನ್ನು ಮಕ್ಕಳಿಗೆ ತಿಳಿಸಿ. ಫೋನಿನಲ್ಲಿ "ಮಾರ್ಕ್ಸ್ ಎಷ್ಟು ಬಂತು?" ಎನ್ನುವ ಮೊದಲು "ಇವತ್ತು ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ. ನಮ್ಮ ಗಡಿಯಾರಕ್ಕಿಂತ ಅಲ್ಲಿಯದು ಎರಡೂವರೆ ಗಂಟೆ ಮುಂದಿದೆ. ನಿಮ್ಮ ಸಂಜೆಯ ಹೊತ್ತಿಗೆ ಆ ಮಗು ಒಂಟಿಯಾಗಿ ಮಲಗಲು ಹೊರಟಿರುತ್ತದೆ.

ಮಕ್ಕಳೇ, ಮೊದಲ ಕೆಲವು ತಿಂಗಳು ಅಳು ಬಂದರೆ ಅದು ಸೋಲಲ್ಲ. ನಮಗೆ ಹೇಳಿ, ಬಚ್ಚಿಡಬೇಡಿ. ನಿಮ್ಮ ಹಾಗೆಯೇ ಹೊಸದಾಗಿ ಬಂದವರೊಬ್ಬರು ಪಕ್ಕದ ಮೇಜಿನಲ್ಲಿ ಒಬ್ಬರೇ ಕೂತಿರುತ್ತಾರೆ. ಹೋಗಿ ಮಾತನಾಡಿಸಿ.