ಮಕ್ಕಳ ರಸಾಯನ ಶಾಸ್ತ್ರದ ಓದಿಗೆ ಮೊಬೈಲಿನ ನೆರವು

(ದೇವದುರ್ಗ ಮತ್ತು ಮಾನ್ವಿ ತಾಲ್ಲೂಕಿನ ರೈತರಿಗಾಗಿ ಗ್ರಾಮಸೇವಕರ ಭಾಷಣ)



ಬೀಜ, ಗೊಬ್ಬರ, ಎಣ್ಣೆ ಹೊಡೆಯುವುದು ಇವುಗಳ ಮಾತನ್ನು ನಾವು ಮೇಲಿಂದ ಮೇಲೆ ಆಡುತ್ತಿರುತ್ತೇವೆ. ಇಂದು ನಿಮ್ಮ ಮಕ್ಕಳ ರಸಾಯನ ಶಾಸ್ತ್ರದ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೊಲದ ಕೆಲಸ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಹೊಲದ ಕೆಲಸದಲ್ಲಿ ಅರ್ಧಪಾಲು ರಸಾಯನ ಶಾಸ್ತ್ರವೇ ಆಗಿರುವುದು ಇದಕ್ಕೆ ಕಾರಣ.

ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುತ್ತದೆ. ೪೫ ಕಿಲೋ ಚೀಲ ತಂದರೆ ಪೈರಿಗೆ ಸಿಗಬಹುದಾದ ಸಾರಜನಕ ೨೦ ಕಿಲೋ ೭೦೦ ಗ್ರಾಂ. ಜಿಂಕ್ ಸಲ್ಫೇಟನ್ನು ಡಿ.ಎ.ಪಿ.ಯೊಡನೆ ಬೆರೆಸಿ ಹಾಕಬೇಡಿರೆಂದು ಹೇಳುವುದೇತಕ್ಕೆ? ಸತುವೂ ರಂಜಕವೂ ಕೂಡಿ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಬೇರಿಗೆ ಎರಡೂ ಸರಿಯಾಗಿ ದೊರೆಯುವುದಿಲ್ಲ. ಕಾಲುವೆ ನೀರಿನಿಂದ ಕೆಟ್ಟ ಕ್ಷಾರ ಭೂಮಿಗೆ ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಿದರೆ, ಅದರಲ್ಲಿರುವ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಸಿಗಾಲುವೆ ಇದ್ದರೆ ಅದು ನೀರಿನೊಡನೆ ಹೊರಗೆ ಹೋಗುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಲೀಟರಿಗೆ ೧.೫ ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಹಲ್ಲಿಗೂ ಎಲುಬಿಗೂ ಕೇಡು. ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ತೆಗೆಯುವುದೂ, ಶಕ್ತಿನಗರದಲ್ಲಿ ಬಾಯ್ಲರಿನ ನೀರನ್ನು ಶುದ್ಧಿ ಮಾಡುವುದೂ ಇದೇ ವಿದ್ಯೆಯಿಂದ. ಈ ವಿದ್ಯೆ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಮನೆಗೂ ಊರಿಗೂ ಲಾಭ.

ಆದರೆ ನಮ್ಮ ಹಳ್ಳಿಗಳಲ್ಲಿ ಆಗುತ್ತಿರುವುದೇನು? ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹುಡುಗ ಪಿ.ಯು. ವಿಜ್ಞಾನಕ್ಕೆ ಸೇರುತ್ತಾನೆ. ಅಲ್ಲಿ ಪುಸ್ತಕ, ಪಾಠ ಸಾಮಾನ್ಯವಾಗಿ ಇಂಗ್ಲೀಷಿನಲ್ಲಿ. ನಿನ್ನೆ ಆಮ್ಲ ಎಂದು ಓದಿದ್ದು ಇಂದು ಆ್ಯಸಿಡ್, ಪ್ರತ್ಯಾಮ್ಲವು ಬೇಸ್, ಲವಣವು ಸಾಲ್ಟ್, ಧಾತುವು ಎಲಿಮೆಂಟ್, ಉತ್ಕರ್ಷಣವು ಆಕ್ಸಿಡೇಷನ್. ತಲೆಯಲ್ಲಿರುವ ವಿಷಯ ಅದೇ, ಮಾತು ಬೇರೆ. ಇದನ್ನು ಹೇಳಿಕೊಡುವವರಿಲ್ಲದೆ ಹುಡುಗ "ನನಗೆ ವಿಜ್ಞಾನ ಹತ್ತುವುದಿಲ್ಲ" ಎಂದು ಬಿಟ್ಟು ಬರುತ್ತಾನೆ. ಹುಡುಗಿಯಾದರೆ ಹತ್ತಿ ಬಿಡಿಸಲು ಹೋಗುತ್ತಾಳೆ, ಮುಂದೆ ಮದುವೆಯ ಮಾತು ಬರುತ್ತದೆ. ರಾಯಚೂರಿನಲ್ಲಿ ಟ್ಯೂಷನ್ ಇದೆ, ನಿಜ. ಆದರೆ ಐವತ್ತು ಕಿಲೋಮೀಟರಿನ ಆಚೀಚೆ ಇರುವ ಪಟ್ಟಣದಲ್ಲಿ ಕೋಣೆ ಮಾಡಿಸಿ, ಊಟ ಕೊಡಿಸಿ, ಫೀಜು ಕಟ್ಟುವುದು ಎಲ್ಲ ಒಕ್ಕಲಿಗೂ ಸಾಧ್ಯವಿಲ್ಲ. ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಸೀಟುಗಳನ್ನು ಕಾದಿರಿಸಿದ್ದಾರೆ. ಪಿ.ಯು.ದಲ್ಲಿ ರಸಾಯನ ಶಾಸ್ತ್ರ ಓದದವರಿಗೆ ಆ ಬಾಗಿಲೂ ಮುಚ್ಚಿದಂತೆಯೇ, ಫಾರ್ಮಸಿಯ ಬಾಗಿಲೂ ಮುಚ್ಚಿದಂತೆಯೇ.

ಹೀಗಿರುವಲ್ಲಿ ನಿಮ್ಮ ಕಿಸೆಯಲ್ಲಿರುವ ಮೊಬೈಲು ಒಂದು ಸಾಧನ. ಅದರಲ್ಲಿ ಹಣ ಕೊಡದೆ ದೊರೆಯುವ ಒಳ್ಳೆಯ ಸಾಮಗ್ರಿ ಬಹಳವಿದೆ. ಎಲ್ಲಿ ಏನು ದೊರೆಯುತ್ತದೆಂಬುದನ್ನು ಕ್ರಮವಾಗಿ ಹೇಳುತ್ತೇನೆ. ಮಕ್ಕಳಿಗೆ ಓದಿ ಹೇಳಿರಿ, ಇಲ್ಲವೆ ಈ ಹಾಳೆಯನ್ನೇ ಕೊಡಿರಿ.

ಒಂದನೆಯದು, ಪಠ್ಯಪುಸ್ತಕ. ಹತ್ತನೆಯ ತರಗತಿಯವರೆಗಿನ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಇವೆ. ಪಿ.ಯು. ರಸಾಯನ ಶಾಸ್ತ್ರದ ಪುಸ್ತಕಗಳು ಎನ್.ಸಿ.ಇ.ಆರ್.ಟಿ. ಜಾಲತಾಣದಲ್ಲಿ ದೊರೆಯುತ್ತವೆ. ಹತ್ತನೆಯ ತರಗತಿಯ ಒಂದೇ ಪಾಠವನ್ನು ಎರಡೂ ಭಾಷೆಗಳಲ್ಲಿ ಎದುರುಬದುರು ಇಟ್ಟುಕೊಂಡು ರಜೆಯಲ್ಲಿ ಓದಿದರೆ, ಪಿ.ಯು. ಸೇರುವ ಮೊದಲೇ ಮಾತಿನ ತೊಡಕು ಬಹುಮಟ್ಟಿಗೆ ಬಿಡುತ್ತದೆ.

ಎರಡನೆಯದು, ದೀಕ್ಷಾ. ಇದು ೨೦೧೭ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಆ್ಯಪು. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಗುರುತಿಗೆ ಇದರಿಂದ ಮೊಬೈಲು ಹಿಡಿದರೆ ಆ ಪಾಠದ ವಿಡಿಯೋ, ಪ್ರಶ್ನೆ ಬರುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದ ಕಡೆಯೂ ನೋಡಬಹುದು.

ಮೂರನೆಯದು, ಫೆಟ್. ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೀಮನ್ ಎಂಬ ವಿಜ್ಞಾನಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ೨೦೦೨ರಲ್ಲಿ ಇದನ್ನು ಆರಂಭಿಸಿದರು. ಪರಮಾಣು ಕಟ್ಟುವುದು, ಸಮೀಕರಣ ಸರಿದೂಗಿಸುವುದು, ಆಮ್ಲ-ಕ್ಷಾರ ಅಳೆಯುವುದು ಎಲ್ಲವನ್ನೂ ಬೆರಳಿನಿಂದ ಮಾಡಿ ನೋಡಬಹುದು. ಸಾರಜನಕದ ಒಂದು ಅಣುವಿಗೆ ಜಲಜನಕದ ಮೂರು ಕೂಡಿದರೆ ಅಮೋನಿಯದ ಎರಡು ಅಣುಗಳಾಗುವುದನ್ನು ಅಲ್ಲಿ ಚಿತ್ರದಲ್ಲಿ ಕಾಣಬಹುದು. ಈ ಅಮೋನಿಯದಿಂದಲೇ ಯೂರಿಯಾ ತಯಾರಾಗುವುದು. ಕೆಲವು ಪಾಠಗಳು ಕನ್ನಡದಲ್ಲಿಯೂ ಇವೆ.

ನಾಲ್ಕನೆಯದು, ಪ್ರಶ್ನಪತ್ರಿಕೆ. ಸಿ.ಇ.ಟಿ.ಯ ಹಿಂದಿನ ಪ್ರಶ್ನೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ, ಪಿ.ಯು. ಮಾದರಿ ಪ್ರಶ್ನೆಗಳು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ತಾಣದಲ್ಲಿ ದೊರೆಯುತ್ತವೆ. ಇವಕ್ಕೆ ಹಣ ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ಬಿ.ಎಸ್‌ಸಿ. ಓದುವವರಿಗೆ ಐ.ಐ.ಟಿ.ಗಳ ಪ್ರಾಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್. ಮತ್ತು ಸ್ವಯಂ ತಾಣಗಳಲ್ಲಿವೆ.

ಇನ್ನು, ಕಾಳು ಜೊಳ್ಳು ನೋಡುವ ಬಗೆ. ಬೀಜ ಕೊಳ್ಳುವಾಗ ತಾವು ಪ್ರಮಾಣಿತ ಬೀಜದ ನೀಲಿ ಚೀಟಿ ನೋಡುತ್ತೀರಿ. ಪಾಠಕ್ಕೂ ಹಾಗೆಯೇ ಚೀಟಿ ನೋಡಬೇಕು. ಪಾಠ ಮಾಡಿದವರು ಯಾರು? ಯಾವ ತರಗತಿಗೆ, ಯಾವ ವರ್ಷದ ಪಠ್ಯಕ್ಕೆ ಮಾಡಿದ್ದು? ಅಲ್ಲಿ ಹೇಳಿದ್ದು ಪುಸ್ತಕಕ್ಕೆ ಹೊಂದುತ್ತದೆಯೇ? "ಇದೇ ಪ್ರಶ್ನೆ ಖಂಡಿತ ಬರುತ್ತದೆ, ಹಣ ಕಳುಹಿಸಿರಿ" ಎನ್ನುವವರನ್ನು ದೂರವಿಡಿರಿ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಯ ಆ್ಯಪುಗಳೂ ಈಗ ಬಂದಿವೆ. ಅವು ತಿಳಿಯದ್ದನ್ನು ಬಿಡಿಸಿ ಹೇಳಬಲ್ಲವು; ಆದರೆ ತಪ್ಪನ್ನೂ ಅದೇ ಧೈರ್ಯದಿಂದ ಹೇಳಿಬಿಡುತ್ತವೆ. ಆದ್ದರಿಂದ ಪುಸ್ತಕಕ್ಕೆ ಹಚ್ಚಿ ನೋಡದೆ ನಂಬಬಾರದು.

ಮತ್ತೊಂದು ಎಚ್ಚರಿಕೆ. ವಿಡಿಯೋದಲ್ಲಿ ಕಂಡ ಪ್ರಯೋಗವನ್ನು ಮಕ್ಕಳು ಮನೆಯಲ್ಲಿ ಮಾಡಬಾರದು. ಪಾಯಿಖಾನೆ ತೊಳೆಯುವ ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಪ್ರಯೋಗ ನಡೆಯಬೇಕಾದ ಸ್ಥಳ ಕಾಲೇಜಿನ ಪ್ರಯೋಗಾಲಯ. ದ್ವಿತೀಯ ಪಿ.ಯು.ದ ನೂರು ಅಂಕಗಳಲ್ಲಿ ೩೦ ಅಂಕ ಪ್ರಯೋಗಕ್ಕೆಂದೇ ಇವೆ. ಮೊಬೈಲು ಆ ಕೊರತೆಯನ್ನು ತುಂಬಲಾರದು. ನಿಮ್ಮ ಊರಿನ ಕಾಲೇಜಿನಲ್ಲಿ ಪ್ರಯೋಗ ಸರಿಯಾಗಿ ನಡೆಯುತ್ತಿದೆಯೇ ಎಂದು ತಂದೆತಾಯಿಗಳು ಹೋಗಿ ವಿಚಾರಿಸುವುದು ಅವಶ್ಯ. ಕೇಳಲು ಇಂಗ್ಲೀಷು ಬರಬೇಕೆಂದಿಲ್ಲ.

ಮನೆಯಲ್ಲಿ ತಾವು ಮಾಡಬೇಕಾದುದು ಹೆಚ್ಚಿನದೇನೂ ಅಲ್ಲ. ರಾತ್ರಿ ಊಟಕ್ಕೆ ಮುಂಚೆ ಒಂದು ತಾಸು ಮೊಬೈಲನ್ನು ಓದಿಗೆ ಬಿಟ್ಟುಕೊಡಿರಿ. ಮಗನಿಗೆ ಕೊಟ್ಟಷ್ಟೇ ಹೊತ್ತು ಮಗಳಿಗೂ ಕೊಡಿರಿ. ಹತ್ತಿ ಬಿಡಿಸುವ ಕಾಲದಲ್ಲಿಯೂ ಆ ಒಂದು ತಾಸನ್ನು ತಪ್ಪಿಸಬೇಡಿರಿ. ಡಾಟಾ ಸಾಲದಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕಳುಹಿಸಿರಿ. ಕಂಪ್ಯೂಟರ್ ಇರುವ ಕಡೆ ಅಲ್ಲಿಯೇ ಕುಳಿತು ಓದಬಹುದು. ಓಣಿಯ ನಾಲ್ಕು ಮಕ್ಕಳು ಒಂದೇ ಮೊಬೈಲಿನ ಸುತ್ತ ಕುಳಿತರೆ ಖರ್ಚೂ ಕಡಿಮೆ, ಕಲಿಕೆಯೂ ಗಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಶಬ್ದ, ಬಲಕ್ಕೆ ಇಂಗ್ಲೀಷು ಶಬ್ದ, ದಿನಕ್ಕೆ ಐದರಂತೆ ಬರೆಯಲು ಹೇಳಿರಿ. ನೂರು ದಿನಕ್ಕೆ ೫೦೦ ಶಬ್ದಗಳಾಗುತ್ತವೆ.

ಓದಿದ್ದು ತಲೆಗೆ ಹತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಉಪಾಯವೂ ನಿಮ್ಮಲ್ಲಿಯೇ ಇದೆ. ಗೊಬ್ಬರದ ಚೀಲವನ್ನು ಮುಂದಿಟ್ಟು, "ಇದರ ಮೇಲೆ ಬರೆದುದರ ಅರ್ಥವೇನು, ನಮ್ಮ ಎಕರೆಗೆ ಎಷ್ಟು ಬೇಕು, ಕನ್ನಡದಲ್ಲಿ ಹೇಳು" ಎಂದು ಕೇಳಿರಿ. ಹೇಳಿದರೆ ಮಗುವಿಗೆ ಪಾಠ ಬಂದಿದೆ. ನಿಮಗೂ ಒಂದು ಲೆಕ್ಕ ತಿಳಿಯಿತು. ಹೇಳದಿದ್ದರೆ ಬೈಯಬೇಡಿರಿ, ಮರುದಿನ ಉಪನ್ಯಾಸಕರನ್ನು ಕೇಳಿ ಬರಲು ಹೇಳಿರಿ.

ಬಂಧುಗಳೇ, ಈ ವರ್ಷ ನಿಮ್ಮ ಊರಿನಿಂದ ವಿಜ್ಞಾನಕ್ಕೆ ಸೇರಿದ ಮಕ್ಕಳು ಎಷ್ಟು ಮಂದಿ ಎಂದು ಎಣಿಸಿ ಇಟ್ಟುಕೊಳ್ಳಿರಿ. ಅವರಲ್ಲಿ ಒಬ್ಬರೂ ನಡುವೆ ಬಿಟ್ಟು ಬಾರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸವೆಂದು ತಿಳಿದು ನಡೆಯಬೇಕೆಂದು ವಿನಂತಿ.